ನನ್ನ ಬಗ್ಗೆ ನಿಮ್ಮ ಹತ್ತಿರ ಇನ್ನೂ ಏನೇನಿದೆ?

(ಹದಿಹರೆಯದವರ ಜೊತೆ ನಾಟಕ, ಸಂಗೀತ, ಚಿತ್ರಕಲೆ ಅಂತ ಕೆಲಸ ಮಾಡುವ ಸೇವಾ ಸಂಸ್ಥೆಗಳವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ. ಹದಿನಾಲ್ಕನೇ ವಯಸ್ಸಿನಲ್ಲಿ ನಮ್ಮ ನಾಟಕ ಶಿಬಿರಕ್ಕೆ ಬಂದಿದ್ದ ಹುಡುಗಿ, ಈಗ ಅವಳಿಗೆ ಇಪ್ಪತ್ತೆರಡು, ಒಂದು ದಿನ ಫೋನ್ ಮಾಡಿದಳು. ಕೆಲಸಕ್ಕೆ ಅರ್ಜಿ ಹಾಕಿದ್ದಳಂತೆ. ತನ್ನ ಹೆಸರು ಹಾಕಿ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲಕ್ಕಿಂತ ಮೊದಲು ಬರುವುದು ನಮ್ಮ ಸಂಸ್ಥೆ ಹಾಕಿದ್ದ ಫೋಟೋ. ಅದರ ಕೆಳಗೆ ಅವಳ ಪೂರ್ತಿ ಹೆಸರು, ಓದುತ್ತಿದ್ದ ಶಾಲೆ, ಮತ್ತೆ ಒಂದು ಸಾಲು: ದಿನಾ ಮನೆಯಲ್ಲಿ ಜಗಳ ನೋಡಿ ಬೆಳೆದ ಈ ಹುಡುಗಿ ಈಗ ರಂಗದ ಮೇಲೆ ನಿಂತು ಧೈರ್ಯವಾಗಿ ಮಾತಾಡುತ್ತಾಳೆ.

ಆ ಸಾಲು ಬರೆದವಳು ನಾನೇ. ಪ್ರೀತಿಯಿಂದಲೇ ಬರೆದಿದ್ದೆ.

"ಅಕ್ಕಾ, ಅದನ್ನು ತೆಗೆದುಬಿಡಿ" ಅಂದಳು. ಅವತ್ತೇ ತೆಗೆದೆವು. ಆಮೇಲೆ ಅವಳು ಇನ್ನೊಂದು ಮಾತು ಕೇಳಿದಳು. "ನನ್ನ ಬಗ್ಗೆ ನಿಮ್ಮ ಹತ್ತಿರ ಇನ್ನೂ ಏನೇನಿದೆ?"

ನನಗೆ ಗೊತ್ತಿರಲಿಲ್ಲ. ಹುಡುಕಿ ಹೇಳುತ್ತೇನೆ ಅಂದೆ. ಹುಡುಕುವುದಕ್ಕೆ ಮೂರು ವಾರ ಬೇಕಾಯಿತು. ಬೀರುವಿನಲ್ಲಿ ಅವಳ ಅರ್ಜಿ ಸಿಕ್ಕಿತು, ಹಾಜರಿ ಪುಸ್ತಕ ಸಿಕ್ಕಿತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆದರೆ ಅದೇ ಅರ್ಜಿಯಲ್ಲಿದ್ದ ವಿವರವೆಲ್ಲ ಒಂದು ಎಕ್ಸೆಲ್ ಶೀಟಿನಲ್ಲೂ ಇತ್ತು, ಆ ಶೀಟಿನ ಪ್ರತಿಗಳು ನಾಲ್ಕು ಕಡೆ ಇದ್ದವು, ಅದರಲ್ಲೊಂದು ನಮ್ಮಲ್ಲಿ ಕೆಲಸ ಬಿಟ್ಟು ಎಷ್ಟೋ ವರ್ಷವಾದ ಒಬ್ಬರ ಸ್ವಂತ ಇಮೇಲಿನಲ್ಲಿ ಕೂತಿತ್ತು. ದೇಣಿಗೆ ಕೊಟ್ಟವರಿಗೆ ಕಳಿಸಿದ ವರದಿಯಲ್ಲಿ ಅವಳ ಕಥೆ ಇತ್ತು. ಒಬ್ಬ ಸ್ವಯಂಸೇವಕರ ಹಳೆಯ ಫೋನಿನಲ್ಲಿ ಅಭ್ಯಾಸದ ವೀಡಿಯೋಗಳಿದ್ದವು. ನಾಟಕ ಕಲಿಸಿದವರ ನೋಟ್‌ಬುಕ್ಕಿನಲ್ಲಿ, ಒಂದು ಅಭ್ಯಾಸದ ಹೊತ್ತಿಗೆ ಅವಳು ತನ್ನ ಅಪ್ಪನ ಬಗ್ಗೆ ಹೇಳಿದ್ದು ಪೆನ್ಸಿಲ್ಲಿನಲ್ಲಿ ಬರೆದಿತ್ತು.

ಯಾರೂ ಕದ್ದಿರಲಿಲ್ಲ, ಯಾರೂ ಮಾರಿರಲಿಲ್ಲ. ಆದರೂ ಒಂದು ಮಗು ನಂಬಿ ಕೊಟ್ಟ ಮಾತು ಇಷ್ಟು ಕಡೆ ಹರಡಿ ಬಿದ್ದಿತ್ತು. ಅವತ್ತಿನಿಂದ ನಾವು ಏನೇನು ಬದಲಾಯಿಸಿದೆವು ಅನ್ನುವುದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಅರ್ಜಿ ಫಾರ್ಮ್ ವಿಷಯ. ಹತ್ತು ದಿನದ ಶಿಬಿರಕ್ಕೆ ನಮ್ಮದು ಎರಡು ಪುಟದ ಫಾರ್ಮ್ ಇತ್ತು. ಹೆಸರು, ಹುಟ್ಟಿದ ತಾರೀಕು, ಪೂರ್ತಿ ವಿಳಾಸ, ಶಾಲೆ, ಅಪ್ಪನ ಕೆಲಸ, ಅಮ್ಮನ ಕೆಲಸ, ಮನೆಯ ಆದಾಯ, ಧರ್ಮ, ಅಣ್ಣ ತಮ್ಮ ಎಷ್ಟು ಜನ, ಮೊದಲು ಯಾವ ಆಸ್ಪತ್ರೆಗೆ ತೋರಿಸಿದ್ದಿರಿ, ಹೀಗೆ. ಒಂದು ಮಧ್ಯಾಹ್ನ ಎಲ್ಲರೂ ಕೂತು ಒಂದೊಂದೇ ಕಾಲಂ ಮೇಲೆ ಬೆರಳಿಟ್ಟು ಕೇಳಿಕೊಂಡೆವು: ಇದನ್ನು ಯಾರು ಓದುತ್ತಾರೆ, ಯಾವಾಗ ಓದುತ್ತಾರೆ, ಓದಿ ಏನು ಮಾಡುತ್ತಾರೆ? ಅರ್ಧಕ್ಕಿಂತ ಜಾಸ್ತಿ ಕಾಲಂಗಳಿಗೆ ಉತ್ತರವೇ ಬರಲಿಲ್ಲ. ಯಾವುದೋ ಹಳೆಯ ಫಾರ್ಮ್ ನೋಡಿ ನಕಲು ಮಾಡಿದ್ದು, ಇರಲಿ ಅಂತ ಸುಮ್ನೆ ಕೇಳುತ್ತಾ ಬಂದಿದ್ದೆವು. ಅವನ್ನೆಲ್ಲ ಹೊಡೆದು ಹಾಕಿದೆವು. ಹುಟ್ಟಿದ ತಾರೀಕಿನ ಬದಲು ವಯಸ್ಸು ಸಾಕು. ವಿಳಾಸದ ಬದಲು ತುರ್ತಾಗಿ ಕರೆಯಬೇಕಾದವರ ಹೆಸರು ಮತ್ತೆ ಎರಡು ಫೋನ್ ನಂಬರ್. ಶಿಬಿರ ಮುಗಿದ ಮೇಲೆ ಮಗುವನ್ನು ಕರೆದುಕೊಂಡು ಹೋಗುವವರು ಯಾರು, ಯಾರ ಜೊತೆ ಕಳಿಸಲೇಬಾರದು ಅನ್ನುವುದು ಹಳೆಯ ಫಾರ್ಮಿನಲ್ಲಿ ಇರಲೇ ಇಲ್ಲ. ಅಪ್ಪನ ಸಂಬಳ ಕೇಳಿದ್ದ ನಾವು ಇದನ್ನು ಕೇಳಿರಲಿಲ್ಲ.

ಆರೋಗ್ಯದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮಾಹಿತಿ ಕಾಪಾಡುವುದು ಅಂದರೆ ಬೀಗ ಹಾಕಿ ಇಡುವುದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಒಬ್ಬ ಹುಡುಗನಿಗೆ ಉಬ್ಬಸ ಇದೆ, ಇನ್‌ಹೇಲರ್ ಅವನ ಬ್ಯಾಗಿನಲ್ಲಿದೆ ಅನ್ನುವ ಚೀಟಿ ಕಚೇರಿಯ ಬೀರುವಿನಲ್ಲಿ ಭದ್ರವಾಗಿದ್ದು, ಅವನನ್ನು ಮೈದಾನದಲ್ಲಿ ಓಡಿಸುತ್ತಿರುವ ಸ್ವಯಂಸೇವಕರಿಗೆ ಗೊತ್ತೇ ಇಲ್ಲದಿದ್ದರೆ ಏನು ಬಂತು? ಗೊತ್ತಿರಬೇಕಾದವರಿಗೆ ಗೊತ್ತಿರಬೇಕು, ಆ ಹೊತ್ತಿಗೆ ಗೊತ್ತಿರಬೇಕು. ಹಾಗಂತ ಎಲ್ಲರಿಗೂ ಎಲ್ಲವೂ ಬೇಡ. ಮೂರ್ಛೆ ರೋಗ ಇರುವ ಕೆಲವರಿಗೆ ಮಿನುಗುವ ಬೆಳಕು ಆಗಿಬರುವುದಿಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 3ರಿಂದ 30 ಸಲ ಹತ್ತಿ ಆರುವ ಬೆಳಕು ಅಂಥವರಲ್ಲಿ ಮೂರ್ಛೆ ತರಿಸಬಹುದು. ನಾಟಕದಲ್ಲಿ ಸ್ಟ್ರೋಬ್ ಲೈಟ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ನಮ್ಮ ತಂಡದಲ್ಲಿ ಅಂಥ ಒಂದು ಮಗು ಇತ್ತು. ಲೈಟಿಂಗ್ ಮಾಡುವವರಿಗೆ ನಾವು ಹೇಳಿದ್ದು ಇಷ್ಟೇ: ಈ ನಾಟಕದಲ್ಲಿ ಸ್ಟ್ರೋಬ್ ಬೇಡ. ಯಾವ ಮಗು, ಏನು ಕಾಯಿಲೆ ಅಂತ ಅವರಿಗೆ ಹೇಳಬೇಕಾಗಿಯೇ ಬರಲಿಲ್ಲ. ರಂಗದ ಪಕ್ಕದಲ್ಲಿ ನಿಂತು ಮಕ್ಕಳನ್ನು ನೋಡಿಕೊಳ್ಳುವ ಅಕ್ಕನಿಗೆ ಮಾತ್ರ ಮಗುವಿನ ಹೆಸರು, ಮೂರ್ಛೆ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ಪೂರ್ತಿ ಹೇಳಿಕೊಟ್ಟೆವು. ಯಾರಿಗೆ ಎಷ್ಟು ಹೇಳಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತೀರಿ. ಬೇಗ ಹೇಳಿಬಿಡುತ್ತೇನೆ, ನಿಮ್ಮ ದೇಶದ್ದನ್ನು ನೀವು ತಿಳಿದವರ ಹತ್ತಿರ ಕೇಳಿಕೊಳ್ಳಿ. ಆನ್‌ಲೈನ್ ಸೇವೆಗಳಿಗೆ ಮಗು ತಾನೇ ಒಪ್ಪಿಗೆ ಕೊಡಬಹುದಾದ ವಯಸ್ಸು ಒಂದೊಂದು ಕಡೆ ಒಂದೊಂದು. 2018ರ ಮೇ 25ರಿಂದ ಜಾರಿಗೆ ಬಂದ ಯುರೋಪಿನ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಅದನ್ನು 16 ಅಂತ ಇಟ್ಟು, ಬೇಕಾದರೆ ಆಯಾ ದೇಶ 13ರವರೆಗೆ ಇಳಿಸಿಕೊಳ್ಳಬಹುದು ಅನ್ನುತ್ತದೆ. ಅಮೆರಿಕದ 1998ರ ಕಾನೂನು 13 ತುಂಬದವರಿಗೆ. ಭಾರತದ 2023ರ ಕಾನೂನಿನಲ್ಲಿ 18 ತುಂಬುವವರೆಗೂ ಮಗುವೇ, ಅಪ್ಪ ಅಮ್ಮ ಅಥವಾ ಪೋಷಕರ ಒಪ್ಪಿಗೆ ಬೇಕು, ಅದು ಅವರೇ ಕೊಟ್ಟದ್ದು ಅಂತ ಖಚಿತ ಮಾಡಿಕೊಳ್ಳುವ ಹಾಗೂ ಇರಬೇಕು. ಇನ್ನು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಇದೆ. ಅದರ 31ನೇ ವಿಧಿ ಮಗುವಿಗೆ ಕಲೆಯಲ್ಲಿ ಭಾಗವಹಿಸುವ ಹಕ್ಕು ಕೊಡುತ್ತದೆ, ನಾವೆಲ್ಲ ಅನುದಾನದ ಅರ್ಜಿಯಲ್ಲಿ ಅದನ್ನು ಬರೆಯುತ್ತೇವೆ. ಅದೇ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನದ ಬಗ್ಗೆ. ಅದನ್ನು ಬರೆದವರನ್ನು ನಾನು ಕಡಿಮೆ ನೋಡಿದ್ದೇನೆ.

ಇಲ್ಲಿ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಬೇರೆ. ಅಪ್ಪ ಅಮ್ಮ ಸಹಿ ಹಾಕಿದರು ಅಂದಮಾತ್ರಕ್ಕೆ ಮಗು ಒಪ್ಪಿತು ಅಂತಲ್ಲ. ನಾವು ಈಗ ಮಗುವನ್ನೂ ಕೇಳುತ್ತೇವೆ, ಅದಕ್ಕೆ ಅರ್ಥವಾಗುವ ಮಾತಿನಲ್ಲಿ ಕೇಳುತ್ತೇವೆ. ಅಮ್ಮ ಹೂಂ ಅಂದು ಮಗು ಬೇಡ ಅಂದರೆ ನಮ್ಮಲ್ಲಿ ಬೇಡ ಅಂತಲೇ ಲೆಕ್ಕ.

ಈಗ ಫೋಟೋ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ನಮ್ಮ ಕೆಲಸದಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ.

ಹಳೆಯ ಫಾರ್ಮಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು, ಸಂಸ್ಥೆ ತೆಗೆಯುವ ಫೋಟೋಗಳನ್ನು ಪ್ರಚಾರಕ್ಕೆ ಬಳಸಲು ಒಪ್ಪಿದ್ದೇವೆ ಅಂತ. ಶಿಬಿರಕ್ಕೆ ಸೇರಬೇಕಾದರೆ ಅದಕ್ಕೂ ಸಹಿ ಬೀಳಲೇಬೇಕು. ಅದು ಒಪ್ಪಿಗೆಯಾ? ಬೇಡ ಅಂದರೆ ಮಗುವಿಗೆ ನಾಟಕವೇ ಇಲ್ಲ ಅನ್ನುವಾಗ ಯಾರು ಬೇಡ ಅನ್ನುತ್ತಾರೆ? ಈಗ ಫೋಟೋ ಒಪ್ಪಿಗೆಗೆ ಬೇರೆಯೇ ಹಾಳೆ ಇದೆ. ಅದರಲ್ಲಿ ಬೇಡ ಅಂದರೂ ಶಿಬಿರಕ್ಕೆ ಬರಬಹುದು ಅನ್ನುವುದು ಮೊದಲ ಸಾಲು. ಆಮೇಲೆ ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳುತ್ತೇವೆ: ಕಚೇರಿಯ ಗೋಡೆಗೆ ಸರಿಯಾ, ದೇಣಿಗೆದಾರರ ವರದಿಗೆ ಸರಿಯಾ, ಪೋಸ್ಟರಿಗೆ ಸರಿಯಾ, ಇಂಟರ್ನೆಟ್ಟಿಗೆ ಸರಿಯಾ. ಯಾವಾಗ ಬೇಕಾದರೂ ಮನಸ್ಸು ಬದಲಾಯಿಸಬಹುದು ಅಂತ ಹೇಳುತ್ತೇವೆ, ಅದರ ಜೊತೆಗೇ, ಅಚ್ಚಾಗಿ ಹೋದ ಪೋಸ್ಟರನ್ನಾಗಲಿ ಬೇರೆಯವರು ಇಳಿಸಿಕೊಂಡ ಫೋಟೋವನ್ನಾಗಲಿ ವಾಪಸ್ ತರುವುದು ನಮ್ಮ ಕೈಯಲ್ಲಿಲ್ಲ ಅಂತಲೂ ಹೇಳುತ್ತೇವೆ. ಅದನ್ನು ಓದಿ ಎಷ್ಟೋ ಪೋಷಕರು ಇಂಟರ್ನೆಟ್ ಅನ್ನುವ ಕಡೆ ಬೇಡ ಅಂತ ಬರೆಯುತ್ತಾರೆ. ಬರೆಯಲಿ.

ಫೋಟೋ ಹಾಕಿದರೆ ಹೆಸರು ಹಾಕುವುದಿಲ್ಲ. ಹೆಸರು ಹಾಕಲೇಬೇಕಾದಲ್ಲಿ ಫೋಟೋ ಇಲ್ಲ. ಶಾಲೆಯ ಸಮವಸ್ತ್ರ, ಅದರ ಮೇಲಿನ ಲಾಂಛನ ಕಂಡರೆ ಹೆಸರು ಹೇಳದಿದ್ದರೂ ಹೇಳಿದ ಹಾಗೆಯೇ. ಇನ್ನೊಂದು, ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ: ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಫೋಟೋದ ಒಳಗೇ ಅದು ತೆಗೆದ ಜಾಗ ಮತ್ತೆ ಸಮಯ ದಾಖಲಾಗುತ್ತದೆ. ಕೆಲವು ಆ್ಯಪ್‌ಗಳು ಕಳಿಸುವಾಗ ಅದನ್ನು ತೆಗೆದು ಹಾಕುತ್ತವೆ, ಆದರೆ ಮೂಲ ಫೈಲನ್ನೇ ಡ್ರೈವಿಗೆ ಹಾಕಿ ಲಿಂಕ್ ಕೊಟ್ಟರೆ ಅದೂ ಜೊತೆಗೇ ಹೋಗುತ್ತದೆ. ಪ್ರತಿ ಮಂಗಳವಾರ ಸಂಜೆ ಈ ಮಗು ಈ ಕಟ್ಟಡದಲ್ಲಿ ಇರುತ್ತದೆ ಅಂತ ಗೊತ್ತಾಗುವುದು ಹೆಚ್ಚಿನ ಮಕ್ಕಳ ಮಟ್ಟಿಗೆ ಏನೂ ಅಲ್ಲದಿರಬಹುದು. ಆದರೆ ಹೊಡೆಯುವ ಅಪ್ಪನಿಂದ ತಪ್ಪಿಸಿಕೊಂಡು ಅಮ್ಮನ ಜೊತೆ ಬೇರೆ ಕಡೆ ಬಂದು ಇರುವ ಮಗು ನಮ್ಮ ತಂಡದಲ್ಲಿ ಇರಬಹುದಲ್ವಾ? ಆ ಅಮ್ಮ ಇದನ್ನು ನಮಗೆ ಹೇಳಿಯೇ ಇಲ್ಲದಿರಬಹುದು. ಅದಕ್ಕೇ ಎಲ್ಲ ಮಕ್ಕಳ ವಿಷಯದಲ್ಲೂ ಒಂದೇ ಥರ ಹುಷಾರಾಗಿರುತ್ತೇವೆ.

ಫೋಟೋ ಬೇಡ ಅಂದ ಮಕ್ಕಳ ಬ್ಯಾಡ್ಜಿಗೆ ಕೆಂಪು ಚುಕ್ಕೆ ಅಂಟಿಸುವ ಪದ್ಧತಿ ಕೆಲವು ಕಡೆ ಇದೆ. ನಾವೂ ಮಾಡಿ ನೋಡಿದೆವು. ಮೊದಲ ದಿನವೇ ಉಳಿದ ಮಕ್ಕಳು "ನಿನಗ್ಯಾಕೆ ಕೆಂಪು ಚುಕ್ಕೆ?" ಅಂತ ಕೇಳಲು ಶುರು ಮಾಡಿದರು. ಕಾಪಾಡಲು ಹೋಗಿ ಆ ಮಕ್ಕಳನ್ನೇ ಎತ್ತಿ ತೋರಿಸಿದ ಹಾಗಾಯಿತು. ಬಿಟ್ಟುಬಿಟ್ಟೆವು. ಈಗ ಫೋಟೋ ತೆಗೆಯುವುದಕ್ಕೆ ಒಂದೇ ದಿನ, ಒಂದೇ ಗಂಟೆ. ತೆಗೆಯುವವರು ಒಬ್ಬರೇ, ಸಂಸ್ಥೆಯ ಕ್ಯಾಮೆರಾದಲ್ಲಿ. ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಬೇರೊಂದು ಚೆನ್ನಾದ ಕೆಲಸ ನಡೆಯುತ್ತಿರುತ್ತದೆ, ಮುಖವಾಡ ಮಾಡುವುದೋ ಹಾಡು ಕಟ್ಟುವುದೋ, ಯಾರು ಬೇಕಾದರೂ ಅಲ್ಲಿಗೆ ಹೋಗಬಹುದು. ಯಾಕೆ ಹೋದೆ ಅಂತ ಯಾರೂ ಕೇಳುವುದಿಲ್ಲ. ಉಳಿದ ದಿನಗಳಲ್ಲಿ ಬಣ್ಣ ಹಚ್ಚುವ ಕೈ, ಬೆನ್ನು ಹಾಕಿ ಕೂತ ಸಾಲು, ನೆರಳು ಇಂಥವನ್ನು ತೆಗೆಯುತ್ತೇವೆ. ನಿಜ ಹೇಳಬೇಕೆಂದರೆ ಮೊದಲಿಗಿಂತ ಈಗಲೇ ನಮ್ಮ ಫೋಟೋಗಳು ಚೆನ್ನಾಗಿ ಬರುತ್ತಿವೆ.

ಫಾರ್ಮ್, ಫೋಟೋ ಎರಡೂ ಕಣ್ಣಿಗೆ ಕಾಣುವಂಥವು. ಕಲೆಯ ಕೆಲಸದಲ್ಲಿ ಇನ್ನೊಂದು ಬಗೆಯದು ಇದೆ. ವೃತ್ತದಲ್ಲಿ ಕೂತು ಅಭ್ಯಾಸ ಮಾಡುವಾಗ ಮಕ್ಕಳು ಬೇರೆ ಎಲ್ಲೂ ಹೇಳದ್ದನ್ನು ಹೇಳುತ್ತಾರೆ. ಕವಿತೆಯಲ್ಲಿ ಬರೆಯುತ್ತಾರೆ. ಚಿತ್ರದಲ್ಲಿ ಬಿಡಿಸುತ್ತಾರೆ. ಒಂದು ಮಗು ಕಪ್ಪು ಬಣ್ಣದಲ್ಲಿ ತನ್ನ ಮನೆಯ ಬಾಗಿಲು ಬರೆದು ಅದಕ್ಕೆ ಮೂರು ಬೀಗ ಹಾಕಿದ್ದರೆ ಅದು ಬರೀ ಚಿತ್ರವಲ್ಲ, ಆ ಮಗು ತನ್ನ ಬಗ್ಗೆ ಕೊಟ್ಟ ಮಾಹಿತಿಯೂ ಹೌದು. ಅದನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುವ ಮೊದಲು ಮಗುವನ್ನು ಕೇಳಬೇಕು, ಯಾಕೆಂದರೆ ಚಿತ್ರ ಬರೆದವರದ್ದು, ಸಂಸ್ಥೆಯದ್ದಲ್ಲ. ಹೆಸರು ಹಾಕಲಾ ಬೇಡವಾ ಅಂತಲೂ ಕೇಳಬೇಕು. ಕೆಲವು ಮಕ್ಕಳಿಗೆ ತಮ್ಮ ಹೆಸರು ಅಚ್ಚಾಗುವುದೇ ದೊಡ್ಡ ಸಂತೋಷ. ಅದನ್ನೂ ನಾವು ಕಿತ್ತುಕೊಳ್ಳಬಾರದು.

ಕಲಿಸುವವರು ನೋಟ್‌ಬುಕ್ಕಿನಲ್ಲಿ ಬರೆಯುವುದಕ್ಕೂ ಈಗ ಒಂದು ರೀತಿ ಇದೆ. ಕಲಿಕೆಯ ಬಗ್ಗೆ ಬರೆಯಿರಿ, ಮಗುವಿನ ಮನೆಯ ಬಗ್ಗೆ ಬರೆಯಬೇಡಿ. ಒಂದು ವೇಳೆ ಮಗುವಿಗೆ ಅಪಾಯ ಇದೆ ಅನ್ನಿಸುವ ಮಾತು ಕಿವಿಗೆ ಬಿದ್ದರೆ, ಆಗ ಮಾತ್ರ ಬರೆಯಲೇಬೇಕು, ನೋಟ್‌ಬುಕ್ಕಿನಲ್ಲಲ್ಲ, ಮಕ್ಕಳ ರಕ್ಷಣೆಯ ಜವಾಬ್ದಾರಿ ಹೊತ್ತ ಒಬ್ಬರ ಹತ್ತಿರ ಹೋಗಿ, ಮಗು ಹೇಳಿದ್ದನ್ನು ಹೇಳಿದ ಹಾಗೇ, ತಾರೀಕು ಹಾಕಿ. ಆ ಕಡತ ಬೇರೆ, ಅದರ ಬೀಗ ಬೇರೆ, ಅದನ್ನು ಇಟ್ಟುಕೊಳ್ಳುವ ಅವಧಿಯೂ ಬೇರೆ. ದಯವಿಟ್ಟು ಮಗುವಿಗೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. "ನಿನಗೆ ತೊಂದರೆ ಆಗುವ ಹಾಗಿದ್ದರೆ ಸಹಾಯ ಮಾಡಬಲ್ಲವರಿಗೆ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ" ಅನ್ನಿ. ಕೊಟ್ಟ ಮಾತು ಮುರಿದರೆ ಆ ಮಗು ಇನ್ನೊಬ್ಬ ದೊಡ್ಡವರ ಹತ್ತಿರ ಬಾಯಿ ಬಿಡುವುದು ಕಷ್ಟ.

ದೇಣಿಗೆದಾರರ ವಿಷಯಕ್ಕೆ ಬರುತ್ತೇನೆ. ಅವರಿಗೆ ಪುರಾವೆ ಬೇಕು. ಅದು ನ್ಯಾಯ, ದುಡ್ಡು ಅವರದು. ಆದರೆ ಮಕ್ಕಳ ಹೆಸರು, ಫೋನ್ ನಂಬರ್ ಇರುವ ಪಟ್ಟಿ ಕಳಿಸಿ ಅಂದಾಗ ನಾವು ಮರುಮಾತಿಲ್ಲದೆ ಕಳಿಸಿಬಿಡುತ್ತಿದ್ದೆವು. ಹೆಸರು ತೆಗೆದರೆ ಸಾಕು ಅಂತ ಆಮೇಲೆ ಅಂದುಕೊಂಡೆವು. ಅದೂ ಸಾಲದು. ಲತಾನ್ಯಾ ಸ್ವೀನಿ ಎಂಬ ಕಂಪ್ಯೂಟರ್ ವಿಜ್ಞಾನಿ 2000ದಲ್ಲಿ ಒಂದು ಲೆಕ್ಕ ತೋರಿಸಿದರು. ಅಂಚೆಯ ಪಿನ್ ಥರದ ಐದಂಕಿಯ ಜಿಪ್ ಕೋಡ್, ಹುಟ್ಟಿದ ತಾರೀಕು, ಗಂಡೋ ಹೆಣ್ಣೋ, ಈ ಮೂರೇ ಗೊತ್ತಿದ್ದರೆ ಅಮೆರಿಕದ ಸುಮಾರು ನೂರಕ್ಕೆ 87 ಜನರನ್ನು ಇವರೇ ಅಂತ ಗುರುತಿಸಬಹುದು ಅಂತ. ಅಷ್ಟು ದೊಡ್ಡ ದೇಶದಲ್ಲೇ ಹೀಗಾದರೆ ಹನ್ನೆರಡು ಮಕ್ಕಳಿರುವ ನಮ್ಮ ತಂಡದಲ್ಲಿ? "ಕಿವಿ ಕೇಳದ 15 ವರ್ಷದ ಹುಡುಗಿಯೊಬ್ಬಳು" ಅಂತ ಬರೆದರೆ ಅದೇ ಅವಳ ಹೆಸರು. ಓದಿದ ಪ್ರತಿಯೊಬ್ಬ ಪೋಷಕರಿಗೂ ಗೊತ್ತಾಗುತ್ತದೆ. ಹಾಗಾಗಿ ಈಗ ವರದಿಯಲ್ಲಿ ಐದಕ್ಕಿಂತ ಕಡಿಮೆ ಇರುವ ಯಾವ ಗುಂಪಿನ ಸಂಖ್ಯೆಯನ್ನೂ ಬಿಡಿಸಿ ತೋರಿಸುವುದಿಲ್ಲ, "5ಕ್ಕಿಂತ ಕಡಿಮೆ" ಅಂತಷ್ಟೇ ಬರೆಯುತ್ತೇವೆ. ಜಾತಿ, ಧರ್ಮ, ಅಂಗವೈಕಲ್ಯ ಇಂಥ ಲೆಕ್ಕ ಬೇಕೇ ಬೇಕು ಅಂದರೆ ಹೆಸರಿಲ್ಲದ ಚೀಟಿ, ಡಬ್ಬಕ್ಕೆ ಹಾಕುವುದು, ಹೇಳಲು ಇಷ್ಟವಿಲ್ಲ ಅನ್ನುವ ಆಯ್ಕೆಯೂ ಅದರಲ್ಲಿ ಇರಬೇಕು.

ಒಬ್ಬ ದೇಣಿಗೆದಾರರ ಹತ್ತಿರ ಹೋಗಿ ಹೆಸರಿನ ಪಟ್ಟಿ ಕೊಡುವುದಿಲ್ಲ, ಬೇಕಾದರೆ ನಮ್ಮ ಕಚೇರಿಗೆ ಬಂದು ಹಾಜರಿ ಪುಸ್ತಕ ನೋಡಿ ಲೆಕ್ಕ ತಾಳೆ ಮಾಡಿಕೊಳ್ಳಿ ಅಂದೆವು. ಹೇಳುವಾಗ ಕೈ ನಡುಗುತ್ತಿತ್ತು, ಮುಂದಿನ ವರ್ಷದ ಸಂಬಳ ಅವರ ಕೈಯಲ್ಲಿತ್ತು. ಅವರು ಒಪ್ಪಿದರು. ಪಟ್ಟಿ ಯಾಕೆ ಕೇಳುತ್ತಿದ್ದೆವು ಅಂತ ನಮಗೂ ಗೊತ್ತಿಲ್ಲ, ಹಿಂದಿನಿಂದ ನಡೆದು ಬಂದದ್ದು ಅಂದರು. ಎಲ್ಲರೂ ಹೀಗೆ ಒಪ್ಪುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಕೇಳಿ ನೋಡಿ.

ಪಾಸ್‌ವರ್ಡ್, ಡ್ರೈವ್ ಇವೆಲ್ಲ ನಿಮಗೆ ಗೊತ್ತಿರುವುದೇ. ಎರಡೇ ಮಾತು. "ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು" ಅಂತ ಬಿಟ್ಟಿರುವ ಫೈಲುಗಳನ್ನು ಹುಡುಕಿ ಮುಚ್ಚಿ, ಒಬ್ಬರು ಕೆಲಸ ಬಿಟ್ಟ ದಿನವೇ ಅವರ ಪ್ರವೇಶ ತೆಗೆಯಿರಿ. ಪೋಷಕರಿಗೆಲ್ಲ ಒಂದೇ ಇಮೇಲ್ ಕಳಿಸುವಾಗ ಎಲ್ಲರ ವಿಳಾಸ ಎಲ್ಲರಿಗೂ ಕಾಣದ ಹಾಗೆ ಬಿಸಿಸಿಯಲ್ಲಿ ಹಾಕಿ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಎಲ್ಲರ ನಂಬರ್ ಕಾಣುತ್ತದೆ, ಅದು ಗೊತ್ತಿದ್ದೇ ಸೇರಿಸಿ. ಏನಾದರೂ ತಪ್ಪಾದರೆ ಮುಚ್ಚಿಡಬೇಡಿ. ಅಪಾಯ ಆಗಬಹುದಾದ ಸೋರಿಕೆಯನ್ನು ಜಿಡಿಪಿಆರ್ ಪ್ರಕಾರ 72 ಗಂಟೆಯೊಳಗೆ ಸರ್ಕಾರದ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕು. ನಾವು ಪೋಷಕರಿಗೆ ಅದೇ ದಿನ ಫೋನ್ ಮಾಡುತ್ತೇವೆ.

ಇನ್ನು ಅಳಿಸುವುದು. ಮಾಹಿತಿ ತೆಗೆದುಕೊಳ್ಳುವ ದಿನವೇ ಅದು ಹೋಗಬೇಕಾದ ದಿನವನ್ನೂ ಬರೆದಿಡಿ. ಆರೋಗ್ಯದ ಚೀಟಿಗಳು ಶಿಬಿರ ಮುಗಿದ ಮೇಲೆ ಒಂದು ತಿಂಗಳಿಗೆ ಹೋಗುತ್ತವೆ. ಫೋನ್ ನಂಬರ್ ವರ್ಷದ ಕೊನೆಗೆ. ಹಾಜರಿ ಪುಸ್ತಕ ಲೆಕ್ಕಪತ್ರದ ಜೊತೆ ಇರುತ್ತದೆ, ಲೆಕ್ಕ ಪರಿಶೋಧನೆಗೆ ಬೇಕು. ವರ್ಷಕ್ಕೊಮ್ಮೆ ಎಲ್ಲರೂ ಕೂತು ಒಂದು ಇಡೀ ದಿನ ಇದೇ ಕೆಲಸ ಮಾಡುತ್ತೇವೆ. ಒಮ್ಮೆ ಹೀಗೆ ಅಳಿಸಿದ ಮೇಲೆ ಒಬ್ಬ ಹುಡುಗ ಬಂದು, ಕಾಲೇಜಿಗೆ ಬೇಕು, ನಾನು ನಿಮ್ಮ ಶಿಬಿರಕ್ಕೆ ಬಂದಿದ್ದೆ ಅಂತ ಪತ್ರ ಕೊಡಿ ಅಂದ. ನಮ್ಮ ಹತ್ತಿರ ಏನೂ ಉಳಿದಿರಲಿಲ್ಲ. ಅದರಿಂದ ಕಲಿತದ್ದು: ಕೊನೆಯ ದಿನವೇ ಪ್ರಮಾಣಪತ್ರ, ಅವರ ಕೆಲಸ, ಅವರ ನಾಟಕದ ವೀಡಿಯೋ ಎಲ್ಲವನ್ನೂ ಅವರ ಕೈಗೇ ಕೊಟ್ಟು ಕಳಿಸುತ್ತೇವೆ. ಒಪ್ಪಿದವರ ಹೆಸರು ಮತ್ತೆ ವರ್ಷ ಮಾತ್ರ ಒಂದು ಪುಸ್ತಕದಲ್ಲಿ ಉಳಿಯುತ್ತದೆ.

ಫೋನ್ ಮಾಡಿದ್ದ ಹುಡುಗಿಗೆ ನಾವು ಸಿಕ್ಕಿದ್ದನ್ನೆಲ್ಲ ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟೆವು. ನಮ್ಮಲ್ಲಿದ್ದ ಪ್ರತಿಗಳನ್ನು ಅಳಿಸಿದೆವು, ಬೇರೆಯವರ ಹತ್ತಿರ ಇದ್ದವನ್ನು ಅಳಿಸಿ ಅಂತ ಬರೆದು ಕೇಳಿದೆವು. ಪೆನ್ಸಿಲ್ಲಿನಲ್ಲಿ ಬರೆದ ಹಾಳೆ ಓದುವಾಗ ಅವಳು ತುಂಬ ಹೊತ್ತು ಮಾತಾಡಲಿಲ್ಲ. ನಾನು ಕ್ಷಮಿಸು ಅಂದೆ. ಬೇರೆ ಹೇಳಲು ಏನೂ ಇರಲಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು, ನಮ್ಮದು ಮೂರೇ ಜನರ ಸಂಸ್ಥೆ, ಇಷ್ಟೆಲ್ಲ ಮಾಡುವುದು ಹೇಗೆ ಅಂದರು. ಮೂರೇ ಜನ ಇದ್ದರೆ ಇನ್ನೂ ಕಡಿಮೆ ಕೇಳಿ. ತೆಗೆದುಕೊಳ್ಳದೇ ಇದ್ದದ್ದನ್ನು ಕಾಯುವ ಕೆಲಸವೇ ಇರುವುದಿಲ್ಲ.

ಇನ್ನೊಬ್ಬರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಅರ್ಧ ಉತ್ತರವೇ ಇದೆ. ಹತ್ತು ಹದಿನೈದು ವರ್ಷದ ಹಿಂದಿನ ಫೋಟೋಗಳ ಪೆಟ್ಟಿಗೆ ಇದೆ, ಆಗ ಯಾರೂ ಒಪ್ಪಿಗೆ ಕೇಳಿರಲಿಲ್ಲ, ಈಗ ಅವನ್ನು ಏನು ಮಾಡುವುದು? ನಮ್ಮಲ್ಲೂ ಅಂಥ ಪೆಟ್ಟಿಗೆ ಇದೆ. ಇಂಟರ್ನೆಟ್ಟಿನಲ್ಲಿ ಇದ್ದದ್ದನ್ನೆಲ್ಲ ಇಳಿಸಿದೆವು. ಪೆಟ್ಟಿಗೆಯನ್ನು ಸುಡಲು ಮನಸ್ಸು ಬರಲಿಲ್ಲ, ಅದರಲ್ಲಿ ಸಂಸ್ಥೆಯ ನೆನಪೂ ಇದೆ, ಕೆಲವು ಮಕ್ಕಳಿಗೆ ಅದೇ ಬಾಲ್ಯದ ಒಂದೇ ಫೋಟೋ ಇರಬಹುದು. ಸಂಪರ್ಕಕ್ಕೆ ಸಿಕ್ಕ ಹಳಬರನ್ನೆಲ್ಲ ಒಂದು ಭಾನುವಾರ ಕರೆದು ಅವರವರ ಫೋಟೋ ಅವರವರಿಗೆ ಕೊಟ್ಟೆವು. ಕೆಲವರು ಇಲ್ಲೇ ಇರಲಿ ಅಂದರು, ಕೆಲವರು ಹರಿದು ಹಾಕಿ ಅಂದರು, ಒಬ್ಬಳು ತನ್ನ ಮಗನನ್ನು ಕರೆದುಕೊಂಡು ಬಂದು ತೋರಿಸಿದಳು. ಯಾರದ್ದು ಅಂತ ಗೊತ್ತಾಗದ, ಕರೆಯಲು ನಂಬರ್ ಇಲ್ಲದ ಮುಖಗಳು ಇನ್ನೂ ಪೆಟ್ಟಿಗೆಯಲ್ಲಿವೆ. ಅವನ್ನು ಮುಚ್ಚಿ ಬೀರುವಿನಲ್ಲಿ ಇಟ್ಟಿದ್ದೇವೆ, ಯಾರಿಗೂ ತೋರಿಸುವುದಿಲ್ಲ. ಮುಂದಿನ ವರ್ಷದ ಸಭೆಯಲ್ಲಿ ಮತ್ತೆ ತೆಗೆದು ನೋಡಬೇಕು.